ಪರಿಚಯದ ಚೀಟಿ, ಅದೃಷ್ಟದ ಚೀಟಿ

ಪರದೇಶದ ಗಾಲ್ಫ್ ಮೈದಾನಗಳಲ್ಲಿ ಪ್ರವೇಶ ಪಡೆಯುವ ಬಗೆ

ನರಗುಂದ ತಾಲೂಕಿನ ಚಿಕ್ಕನರಗುಂದಕ್ಕೂ ಗಾಲ್ಫ್ ಆಟಕ್ಕೂ ಏನು ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ಅಲ್ಲಿಯದು ಎರೆಯ ನೆಲ. ಮಳೆಗಾಲದಲ್ಲಿ ನಡೆಯುವವನ ಕಾಲನ್ನು ಬಿಗಿಯಾಗಿ ಹಿಡಿಯುವ ಆ ಕರಿಯ ಮಣ್ಣು ಬೇಸಗೆ ಬಂತೆಂದರೆ ಬಾಯಿ ಬಿಡುತ್ತದೆ. ಆ ಬಿರುಕಿನೊಳಗೆ ಗಾಲ್ಫಿನ ಪುಟ್ಟ ಬಿಳಿಯ ಚೆಂಡು ಬಿದ್ದರೆ ಮರಳಿ ಸಿಕ್ಕುವ ಭರವಸೆಯಿಲ್ಲ. ಜೋಳ, ಗೋದಿ, ಕಡಲೆ, ಹತ್ತಿಗಳನ್ನು ಬೆಳೆಯುವ ಸೀಮೆ ಅದು. ಹುಲ್ಲನ್ನು ಬೆಳೆಸಿ, ನೀರುಣಿಸಿ, ಒಂದು ದನವೂ ಬಾಯಿ ಹಾಕದಂತೆ ಕಾಯುವ ಆಟ ಅಲ್ಲಿಯ ಒಕ್ಕಲಿಗನಿಗೆ ಸೋಜಿಗವಾಗಿ ಕಂಡರೆ ತಪ್ಪಲ್ಲ.

ಆದರೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ಇಂಥ ಊರುಗಳ ಮಕ್ಕಳು ಇಂದು ಹುಬ್ಬಳ್ಳಿ-ಧಾರವಾಡಗಳಲ್ಲಿ ಓದಿ, ಬೆಂಗಳೂರಿನಲ್ಲಿ ಉದ್ಯೋಗ ಹಿಡಿದು, ಕಂಪನಿಯ ಕೆಲಸದ ಮೇಲೆ ಕಡಲು ದಾಟಿ ಹೋಗಿಬರುತ್ತಾರೆ. ಜೊತೆಯ ಅಧಿಕಾರಿಗಳ ಸಹವಾಸದಿಂದ ಕೆಲವರಿಗೆ ಗಾಲ್ಫಿನ ರುಚಿಯೂ ಹತ್ತುತ್ತದೆ. ಹೆಸರಾಂತ ಮೈದಾನವೊಂದರಲ್ಲಿ ಒಂದು ದಿನವಾದರೂ ಆಡಬೇಕೆಂಬ ಆಸೆ ಮೂಡುತ್ತದೆ. ಕಿಸೆಯಲ್ಲಿ ಹಣವಿದೆ, ಹೆಗಲಿಗೆ ಕೋಲುಗಳ ಚೀಲವಿದೆ. ಆದರೆ ಬಾಗಿಲಲ್ಲಿ ಎದುರಾಗುವ ಪ್ರಶ್ನೆಯೇ ಬೇರೆ: “ತಾವು ಯಾರ ಅತಿಥಿಗಳು?”

ಈ ಪ್ರಶ್ನೆ ನಮ್ಮವರಿಗೆ ಹೊಸತೇನಲ್ಲ. ಹಿಂದೆ ಹಳ್ಳಿಯ ಹುಡುಗನೊಬ್ಬ ಓದಲೆಂದು ಧಾರವಾಡಕ್ಕೆ ಹೊರಟರೆ ಊರಿನ ಗೌಡರೋ ಶಾಲೆಯ ಮಾಸ್ತರರೋ ಒಂದು ಚೀಟಿ ಬರೆದುಕೊಡುತ್ತಿದ್ದರು. ‘ಈ ಚೀಟಿ ತರುವ ಹುಡುಗ ನಮ್ಮವನು. ಊಟ, ವಸತಿಗೆ ಅನುಕೂಲ ಮಾಡಿಕೊಡಬೇಕು’ ಎಂಬ ಎರಡು ಸಾಲು ಅಪರಿಚಿತ ಪಟ್ಟಣದ ಬಾಗಿಲನ್ನು ತೆರೆಯುತ್ತಿತ್ತು. ಗಾಲ್ಫಿನ ಲೋಕ ಇಂದಿಗೂ ಬಹುಮಟ್ಟಿಗೆ ಅಂಥ ಚೀಟಿಯ ಮೇಲೆಯೇ ನಡೆಯುತ್ತದೆ.

ನೆಲವನ್ನು ಬೇಡುವ ಆಟ

ಈ ಬಾಗಿಲುಗಳು ಇಷ್ಟು ಬಿಗಿಯಾಗಿರಲು ಗರ್ವವೊಂದೇ ಕಾರಣವಲ್ಲ. ಗಾಲ್ಫಿಗೆ ಬೇಕಾಗುವಷ್ಟು ನೆಲ ಬೇರೆ ಯಾವ ಸಾಮಾನ್ಯ ಆಟಕ್ಕೂ ಬೇಕಾಗುವುದಿಲ್ಲ. ಪೂರ್ಣ ಪ್ರಮಾಣದ ಮೈದಾನವೆಂದರೆ 18 ಕುಳಿಗಳು. ಅದಕ್ಕೆ ಸಾಮಾನ್ಯವಾಗಿ ನೂರಕ್ಕೂ ಮಿಕ್ಕ ಎಕರೆ ಬೇಕು. ಒಂದು ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಜನ ಸೇರುವಂತಿಲ್ಲ. ಮುಂದಿನ ತಂಡ ದೂರ ಸಾಗುವವರೆಗೆ ಹಿಂದಿನವರು ಚೆಂಡು ಹೊಡೆಯುವಂತಿಲ್ಲ. ಹತ್ತು ನಿಮಿಷಕ್ಕೊಂದು ತಂಡವನ್ನು ಬಿಟ್ಟರೆ ತಾಸಿಗೆ ಆರು ತಂಡ, ಅಂದರೆ 24 ಜನ. ಇಷ್ಟು ವಿಸ್ತಾರವಾದ ನೆಲದಲ್ಲಿ ಇಷ್ಟೇ ಜನಕ್ಕೆ ಅವಕಾಶ! ವರ್ಷವಿಡೀ ಹಣ ತೆತ್ತು ಮೈದಾನವನ್ನು ಸಾಕುವ ಸದಸ್ಯರು, ಹೊರಗಿನವರಿಗೆ ಎಷ್ಟು ಎಡೆ ಬಿಡಬೇಕೆಂದು ಲೆಕ್ಕ ಹಾಕುವುದು ಸಹಜವೇ ಆಗಿದೆ.

ಮೂರು ಬಗೆಯ ಬಾಗಿಲು

ಲೋಕದ ಗಾಲ್ಫ್ ಮೈದಾನಗಳನ್ನು ಪ್ರವಾಸಿಯ ದೃಷ್ಟಿಯಿಂದ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಸಾರ್ವಜನಿಕ ಮೈದಾನಗಳು. ಹಣ ಕೊಟ್ಟು ವೇಳೆಯನ್ನು ಕಾದಿರಿಸಿಕೊಂಡರೆ ಯಾರು ಬೇಕಾದರೂ ಅಲ್ಲಿ ಆಡಬಹುದು. ಎರಡನೆಯವು ಖಾಸಗಿ ಕ್ಲಬ್ಬುಗಳೇ ಆದರೂ ಗೊತ್ತಾದ ದಿನಗಳಲ್ಲಿ, ಗೊತ್ತಾದ ನಿಯಮಗಳ ಮೇಲೆ, ಪರಸ್ಥಳದವರನ್ನು ಬರಮಾಡಿಕೊಳ್ಳುತ್ತವೆ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಒಡೆತನ ಹೊಂದಿದ ಸಂಘದವರು 1744ರಲ್ಲಿ, ಈ ಆಟದ ಅತ್ಯಂತ ಹಳೆಯವೆಂದು ತಿಳಿದುಬಂದಿರುವ ಹದಿಮೂರು ನಿಯಮಗಳನ್ನು ಬರೆದವರು. ಅಲ್ಲಿ ಅತಿಥಿಗಳಿಗೆ ಮಂಗಳವಾರ ಮತ್ತು ಗುರುವಾರಗಳನ್ನು ಮೀಸಲಿಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ.

ಮೂರನೆಯ ಬಗೆಯದು ಮುಚ್ಚಿದ ಬಾಗಿಲು. ಅಮೇರಿಕದ ಜಾರ್ಜಿಯಾ ಪ್ರಾಂತದ ಆಗಸ್ಟಾ ನ್ಯಾಷನಲ್ ಅವುಗಳ ಶಿರೋಮಣಿ. ಬಾಬಿ ಜೋನ್ಸ್ ಎಂಬ ಮಹಾ ಆಟಗಾರನೂ ಕ್ಲಿಫರ್ಡ್ ರಾಬರ್ಟ್ಸ್ ಎಂಬ ಹಣಕಾಸಿನ ವ್ಯವಹಾರಗಾರನೂ ಸೇರಿ ಸ್ಥಾಪಿಸಿದ ಈ ಕ್ಲಬ್ಬಿನಲ್ಲಿ 1934ರಿಂದ ಮಾಸ್ಟರ್ಸ್ ಪಂದ್ಯ ನಡೆಯುತ್ತಿದೆ. ಕೋಟಿಗಟ್ಟಲೆ ಜನ ಅದನ್ನು ದೂರದರ್ಶನದಲ್ಲಿ ನೋಡುತ್ತಾರೆ. ಆದರೆ ಆ ಹುಲ್ಲಿನ ಮೇಲೆ ಆಡಬೇಕಾದರೆ ಸದಸ್ಯರೊಬ್ಬರ ಅತಿಥಿಯಾಗಿಯೇ ಹೋಗಬೇಕು. ಸದಸ್ಯತ್ವಕ್ಕೆ ಅರ್ಜಿ ಹಾಕುವ ಪದ್ಧತಿಯೇ ಅಲ್ಲಿಲ್ಲ; ಕರೆ ಅವರಿಂದಲೇ ಬರಬೇಕು. ಇಂಥಲ್ಲಿ ಹಣದ ಆಟ ನಡೆಯದು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ನೆನೆದು ಸುಮ್ಮನಾಗುವುದೇ ಲೇಸು.

ಚೀಟಿಯಲ್ಲಿ ಏನಿರಬೇಕು?

ಪ್ರವಾಸಿಯ ಪ್ರಯತ್ನಕ್ಕೆ ಫಲ ಸಿಗುವುದು ಎರಡನೆಯ ಬಗೆಯ ಬಾಗಿಲಲ್ಲಿ. ಅದರ ಬೀಗದ ಕೈ ಮಾತ್ರ ಪರದೇಶದಲ್ಲಿಲ್ಲ, ಸ್ವದೇಶದಲ್ಲಿದೆ.

ಕನ್ನಡ ನಾಡಿಗೆ ಗಾಲ್ಫ್ ಆಂಗ್ಲರ ದಂಡಿನೊಡನೆ ಬಂದದ್ದು. ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಆಂಗ್ಲ ಅಧಿಕಾರಿಗಳು ಗಣಿಯ ಮಗ್ಗುಲಲ್ಲಿಯೇ ತಮ್ಮ ಮೈದಾನವನ್ನು ಮಾಡಿಕೊಂಡರು. ಮೈಸೂರು, ಕೊಡಗು, ಚಿಕ್ಕಮಗಳೂರುಗಳಲ್ಲಿಯೂ ಇಂದು ಮೈದಾನಗಳಿವೆ. ಬೆಂಗಳೂರಿನ ಚಲ್ಲಘಟ್ಟದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ವಿಶಾಲವಾದ ಅಂಗಳವಿದೆ. ಇಂಥ ಯಾವುದಾದರೊಂದು ಕ್ಲಬ್ಬಿನ ಸದಸ್ಯನಾದವನು ಮೊದಲು ತನ್ನ ಕಾರ್ಯದರ್ಶಿಗಳನ್ನು ಕಾಣಬೇಕು. ಅನೇಕ ಕ್ಲಬ್ಬುಗಳು ಹೊರನಾಡಿನ ಕ್ಲಬ್ಬುಗಳೊಡನೆ ಪರಸ್ಪರ ಒಪ್ಪಂದ ಮಾಡಿಕೊಂಡಿರುತ್ತವೆ. ಇಲ್ಲಿಯವರು ಅಲ್ಲಿ ಹೋದರೆ ಅವರ ಆತಿಥ್ಯ, ಅಲ್ಲಿಯವರು ಇಲ್ಲಿ ಬಂದರೆ ಇವರ ಆತಿಥ್ಯ; ಬೀಗರ ಮನೆಯ ನಡೆಯಂತೆ. ಒಪ್ಪಂದವಿಲ್ಲದ ಕಡೆಗೆ ಕಾರ್ಯದರ್ಶಿಗಳ ಪರಿಚಯ ಪತ್ರ ಬೇಕಾಗುತ್ತದೆ. ‘ಇವರು ನಮ್ಮಲ್ಲಿ ಇಷ್ಟು ವರ್ಷಗಳಿಂದ ಸದಸ್ಯರು, ಇವರ ನಡತೆ ಒಳ್ಳೆಯದು, ಇವರ ಹ್ಯಾಂಡಿಕ್ಯಾಪ್ ಇಷ್ಟು’ ಎಂಬ ಮೂರು ಸಂಗತಿಗಳು ಅದರಲ್ಲಿದ್ದರೆ ಸಾಕು, ಹೊಗಳಿಕೆ ಬೇಡ.

ಹ್ಯಾಂಡಿಕ್ಯಾಪ್ ಎಂದರೇನು? ನುರಿತವನೂ ಎಳಸನೂ ಸಮನಾಗಿ ಆಡಲು ಕಂಡುಕೊಂಡ ಲೆಕ್ಕ ಅದು. ಒಂದು ಮೈದಾನವನ್ನು 72 ಹೊಡೆತಗಳಲ್ಲಿ ಮುಗಿಸಬೇಕೆಂದಿರಲಿ. 18 ಹ್ಯಾಂಡಿಕ್ಯಾಪ್ ಉಳ್ಳವನು 90 ಹೊಡೆತಗಳಲ್ಲಿ ಮುಗಿಸಿದರೆ, ಹ್ಯಾಂಡಿಕ್ಯಾಪಿಲ್ಲದೆ 72ರಲ್ಲಿ ಮುಗಿಸಿದ ಜಾಣನಿಗೆ ಅವನು ಸರಿಸಮ. ಮೊದಲು ಲೋಕದಲ್ಲಿ ಇಂಥ ಲೆಕ್ಕದ ಆರು ಬೇರೆ ಬೇರೆ ಪದ್ಧತಿಗಳಿದ್ದವು. 2020ರಲ್ಲಿ ಅವುಗಳ ಸ್ಥಾನದಲ್ಲಿ ಒಂದೇ ಜಾಗತಿಕ ಪದ್ಧತಿ ಜಾರಿಗೆ ಬಂದುದರಿಂದ ಬೆಂಗಳೂರಿನ ಅಂಕಿಗೆ ಎಡಿನ್‌ಬರೋದಲ್ಲಿಯೂ ಬೆಲೆ ಉಂಟು. ಆದರೆ ಈ ಅಂಕಿ ನಿಂತಿರುವುದು ಆಟಗಾರನ ಪ್ರಾಮಾಣಿಕತೆಯ ಮೇಲೆ. ತನ್ನ ಹೊಡೆತಗಳನ್ನು ತಾನೇ ಎಣಿಸಬೇಕು, ಜೊತೆಗಾರ ಅದನ್ನು ಪ್ರಮಾಣೀಕರಿಸಬೇಕು. ಮೇಲಾಗಿ, ಪತ್ರದಲ್ಲಿ ಒಂದು, ಮೈದಾನದಲ್ಲಿ ಇನ್ನೊಂದು ಎಂದಾದರೆ ಪತ್ರ ಕೊಟ್ಟವರ ಮುಖಕ್ಕೂ ಮಸಿ.

ಬರೆದುಕೊಳ್ಳುವುದನ್ನು ತಿಂಗಳುಗಟ್ಟಲೆ ಮೊದಲೇ ಮಾಡಬೇಕು. ತಾನು ಬರಬಹುದಾದ ಎರಡು ಮೂರು ದಿನಗಳನ್ನು ಸೂಚಿಸಬೇಕು. ಶನಿವಾರ ಭಾನುವಾರಗಳನ್ನು ಸದಸ್ಯರಿಗೇ ಬಿಟ್ಟುಬಿಡುವುದು ವಿವೇಕ. ಶುಲ್ಕವೆಷ್ಟು, ಉಡುಪಿನ ನಿಯಮವೇನು, ಚೀಲ ಹೊರುವ ಕ್ಯಾಡಿ ಸಿಗುವನೇ ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. ‘ಇಲ್ಲ’ವೆಂಬ ಉತ್ತರ ಬಂದರೆ ಅದನ್ನು ‘ಇಲ್ಲ’ವೆಂದೇ ತಿಳಿಯಬೇಕು, ಬಾಗಿಲಿಗೆ ಹೋಗಿ ಅಂಗಲಾಚುವುದು ಸಲ್ಲದು.

ಚೀಟಿ ಇಲ್ಲದವರು

ಪರಿಚಯದ ಚೀಟಿಗೆ ಒಂದು ಒಳ್ಳೆಯ ಮುಖವಿರುವಂತೆ ಇನ್ನೊಂದು ಮುಖವೂ ಇದೆ. ಪರಿಚಿತರನ್ನು ಒಳಗೆ ಬಿಡುವ ಚೀಟಿಯೇ ಪರಿಚಯವಿಲ್ಲದವರನ್ನು ಹೊರಗೆ ನಿಲ್ಲಿಸುತ್ತದೆ.

ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆಗ ಚಿಕ್ಕನರಗುಂದದ ಕಡೆಯವರಿಗೆ ರಾಜಧಾನಿಯೆಂದರೆ ಮುಂಬಯಿಯೇ. ಆ ರಾಜಧಾನಿಯ ಪ್ರಮುಖ ಯುರೋಪಿಯನ್ ಕ್ಲಬ್ಬುಗಳಲ್ಲಿ ಒಂದು ಕಾಲಕ್ಕೆ ಭಾರತೀಯರಿಗೆ, ಅವರು ಎಷ್ಟೇ ದೊಡ್ಡವರಾಗಿದ್ದರೂ, ಸದಸ್ಯತ್ವವಿರಲಿಲ್ಲ. ಈ ಕೊರತೆಯನ್ನು ನೀಗಲೆಂದೇ ಗವರ್ನರಾಗಿದ್ದ ಲಾರ್ಡ್ ವಿಲ್ಲಿಂಗ್ಡನ್ನರ ಹೆಸರಿನಲ್ಲಿ 1918ರಲ್ಲಿ ಉಭಯರಿಗೂ ತೆರೆದ ಕ್ರೀಡಾ ಕ್ಲಬ್ಬೊಂದು ಹುಟ್ಟಿತು. ಅದರ ಗಾಲ್ಫ್ ಮೈದಾನ ಇಂದಿಗೂ ಇದೆ. ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದ ಹಿನ್ನೆಲೆಯೂ ಇಂಥದೇ.

ಬಿಳಿಯರ ನಾಡಿನಲ್ಲಿಯೂ ಎಲ್ಲರಿಗೂ ಚೀಟಿ ಸಿಗುತ್ತಿರಲಿಲ್ಲ. ಆಗಸ್ಟಾ ಕ್ಲಬ್ಬು ಮೊದಲ ಕರಿಯ ಸದಸ್ಯನನ್ನು ಸೇರಿಸಿಕೊಂಡದ್ದು 1990ರಲ್ಲಿ; ಮಹಿಳೆಯರನ್ನು, 2012ರಲ್ಲಿ. ಮ್ಯೂರ್‌ಫೀಲ್ಡಿನ ಸದಸ್ಯರು ಮಹಿಳೆಯರಿಗೆ ಸದಸ್ಯತ್ವ ಕೊಡುವ ಪ್ರಶ್ನೆಯನ್ನು 2016ರಲ್ಲಿ ಮತಕ್ಕೆ ಹಾಕಿದಾಗ ಬೇಕಾದ ಮೂರರಲ್ಲಿ ಎರಡು ಪಾಲಿನ ಬಹುಮತ ದೊರೆಯಲಿಲ್ಲ. ಇನ್ನು ಮುಂದೆ ಬ್ರಿಟನ್ನಿನ ಓಪನ್ ಪಂದ್ಯ ಅಲ್ಲಿ ನಡೆಯದೆಂದು ಪಂದ್ಯದ ವ್ಯವಸ್ಥಾಪಕರು ಸಾರಿದರು. ಮರುವರ್ಷವೇ ಮತ ಬದಲಾಯಿತು. 2022ರಲ್ಲಿ ಅದೇ ಹುಲ್ಲಿನ ಮೇಲೆ ಮಹಿಳೆಯರ ಓಪನ್ ಪಂದ್ಯ ನಡೆದದ್ದು ಕಾಲದ ಕೌತುಕ.

ಬೇಲಿಯ ಹೊರಗೆ ಹುಟ್ಟಿದವರಲ್ಲಿ ಪ್ರತಿಭೆಗೇನೂ ಬರವಿಲ್ಲ. ಬಿಡದಿಯ ಈಗಲ್‌ಟನ್ ಮೈದಾನದ ಸಮೀಪದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ, ಬಾಲ್ಯದಲ್ಲಿ ಪರರ ಚೀಲ ಹೊತ್ತು, ಮುಂದೆ ತಾನೇ ಕೋಲು ಹಿಡಿದು ದೇಶದ ಹೆಸರಾಂತ ವೃತ್ತಿಪರ ಆಟಗಾರನಾದ. ಅವನಿಗೆ ಬಾಗಿಲು ತೆರೆದದ್ದು ಕೆಲಸದ ನೆಪದಲ್ಲಿ. ಹಾಗೆ ತೆರೆಯದೆ ಹೋದ ಬಾಗಿಲುಗಳ ಮುಂದೆ ಎಷ್ಟು ಹುಡುಗರು ಹಾದುಹೋದರೋ, ಬಲ್ಲವರಾರು?

ಚೀಟಿ ಎತ್ತುವ ಊರು

ಹಾಗಾದರೆ ಗೌಡರ ಚೀಟಿಯಿಲ್ಲದವನಿಗೆ ಮಹಾ ಮೈದಾನಗಳು ಕನಸೇ? ಅಲ್ಲ. ಸ್ವಾರಸ್ಯವೆಂದರೆ ಗಾಲ್ಫಿನ ತವರುಮನೆಯೇ ಈ ಮಾತನ್ನು ಸುಳ್ಳು ಮಾಡುತ್ತದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕಡಲಂಚಿನ ಪುಟ್ಟ ಪಟ್ಟಣ. ಅಲ್ಲಿಯ ಹಳೆಯ ಮೈದಾನವೆಂಬುದು ಗಾಲ್ಫ್ ಭಕ್ತರ ಕಾಶಿ. ಮೈದಾನಕ್ಕೆ 18 ಕುಳಿಗಳಿರಬೇಕೆಂಬ ರೂಢಿ 1764ರಲ್ಲಿ ಅಲ್ಲಿಂದಲೇ ಮೊದಲಾಯಿತು. ಆದರೆ ಆ ನೆಲ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಉತ್ತರ ಕರ್ನಾಟಕದ ಮಾತಿನಲ್ಲಿ ಹೇಳುವುದಾದರೆ ಅದು ಊರಿನ ಗಾಯರಾಣ. 1552ರ ಸನದಿನಲ್ಲಿಯೇ ಅಲ್ಲಿಯ ಧರ್ಮಾಧಿಕಾರಿ, ಆ ಹುಲ್ಲುನೆಲದಲ್ಲಿ ಮೊಲ ಸಾಕುವ ಹಕ್ಕನ್ನು ತಾನು ಪಡೆದು, ಗಾಲ್ಫ್ ಮುಂತಾದ ಆಟಗಳನ್ನಾಡುವ ಊರವರ ಹಕ್ಕನ್ನು ಒಪ್ಪಿಕೊಂಡಿದ್ದ. 1797ರಲ್ಲಿ ಸಾಲದ ಹೊರೆಯಲ್ಲಿ ಸಿಕ್ಕ ಪುರಸಭೆ ನೆಲವನ್ನು ಕೈಬಿಟ್ಟಿತು. ಮೊಲದ ವ್ಯಾಪಾರಿಗಳಿಗೂ ಆಟಗಾರರಿಗೂ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 1821ರಲ್ಲಿ ಗಾಲ್ಫ್ ಪ್ರಿಯನಾದ ಭೂಮಾಲೀಕನೊಬ್ಬ ಅದನ್ನು ಕೊಂಡು ಆಟಕ್ಕೆ ಉಳಿಸಿದ. 1894ರಲ್ಲಿ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಅದು ಮತ್ತೆ ಊರಿನ ಕೈಸೇರಿತು. 1974ರ ಇನ್ನೊಂದು ಕಾಯಿದೆಯಂತೆ ರಚಿತವಾದ ಟ್ರಸ್ಟು ಇಂದು ಅದರ ಆಡಳಿತ ನಡೆಸುತ್ತಿದೆ.

ಅಲ್ಲಿ ಆಡುವ ಬಗೆಯೂ ವಿಶಿಷ್ಟ. ಆಟದ ವೇಳೆಗಳಲ್ಲಿ ಒಂದು ಪಾಲನ್ನು ಅದೃಷ್ಟದ ಚೀಟಿಗೆ ಬಿಡುತ್ತಾರೆ. ಆಡುವ ದಿನಕ್ಕೆ ಎರಡು ದಿನ ಮೊದಲು ಹೆಸರುಗಳನ್ನು ಕೊಡಬೇಕು. ಚೀಟಿಯಲ್ಲಿ ಯಾರ ಹೆಸರು ಬಂದಿತೋ ಅವರ ಪಾಲಿಗೆ ಹಳೆಯ ಮೈದಾನ. ಒಂಟಿಯಾಗಿ ಬಂದವರು ಹಿಂದೆ ರಾತ್ರಿಯೆಲ್ಲ ಸಾಲಿನಲ್ಲಿ ಕಾಯುತ್ತಿದ್ದರು. 2024ರಿಂದ ಅವರಿಗೂ ಚೀಟಿ ಎತ್ತುವ ಪದ್ಧತಿ ಬಂದಿದೆ. ಹ್ಯಾಂಡಿಕ್ಯಾಪಿನ ದಾಖಲೆಯನ್ನು ತೋರಿಸಬೇಕು, ಶುಲ್ಕ ಕೊಡಬೇಕು. ಶುಲ್ಕ ಹಗುರವಲ್ಲವೆಂಬುದು ನಿಜ. ಆದರೆ ‘ಯಾರ ಅತಿಥಿ’ ಎಂದು ಯಾರೂ ಕೇಳುವುದಿಲ್ಲ. ಪರಿಚಯದ ಚೀಟಿ ಮುಖ ನೋಡಿ ಮಣೆ ಹಾಕುತ್ತದೆ; ಅದೃಷ್ಟದ ಚೀಟಿಗೆ ಕಣ್ಣಿಲ್ಲ.

ಅತಿಥಿಯ ಧರ್ಮ

ಯಾವ ಚೀಟಿಯಿಂದಲೇ ಒಳಗೆ ಹೋದರೂ ಅತಿಥಿಯ ಧರ್ಮ ಒಂದೇ. ಗೊತ್ತಾದ ವೇಳೆಗೆ ಮುಂಚೆಯೇ ಹಾಜರಿರಬೇಕು. ಕೋಲಿನ ಏಟಿಗೆ ಕಿತ್ತ ಹುಲ್ಲಿನ ಹೆಂಟೆಯನ್ನು ಅದರ ಸ್ಥಳದಲ್ಲಿಯೇ ಇಟ್ಟು ತುಳಿದು ಕೂರಿಸಬೇಕು. ಮರಳುಗುಂಡಿಯಿಂದ ಹೊರಬರುವಾಗ ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸಬೇಕು. ಇನ್ನೊಬ್ಬನು ಹೊಡೆಯುವಾಗ ಮಾತಾಡಬಾರದು. ಮರಳಿ ಬಂದ ಮೇಲೆ ಅಲ್ಲಿಯ ಕಾರ್ಯದರ್ಶಿಗಳಿಗೂ ಪತ್ರ ಕೊಟ್ಟ ತನ್ನವರಿಗೂ ಕೃತಜ್ಞತೆಯ ಎರಡು ಸಾಲು ಬರೆಯಬೇಕು. ಮುಂದೆ ಇದೇ ದಾರಿಯಲ್ಲಿ ಹೋಗುವ ಕನ್ನಡಿಗನಿಗೆ ಆ ಎರಡು ಸಾಲೇ ಚೀಟಿಯಾದೀತು.

ಚಿಕ್ಕನರಗುಂದದ ಕಡೆಯ ಯುವಕನೊಬ್ಬ ಸೇಂಟ್ ಆಂಡ್ರ್ಯೂಸಿಗೆ ಹೋದರೆ, ಚೀಟಿಯಲ್ಲಿ ಹೆಸರು ಬಾರದಿದ್ದರೂ ನಿರಾಶನಾಗಬೇಕಾಗಿಲ್ಲ. ಭಾನುವಾರದವರೆಗೆ ಕಾದರೆ ಸಾಕು. ದೊಡ್ಡ ಪಂದ್ಯಗಳ ಹೊರತು ಹಳೆಯ ಮೈದಾನದಲ್ಲಿ ಭಾನುವಾರ ಆಟವಿಲ್ಲ. ಅಂದು ಊರಿನ ಮುದುಕರು, ಮಕ್ಕಳು, ಅವರ ನಾಯಿಗಳು, ಎಲ್ಲರೂ ಆ ಹುಲ್ಲಿನ ಮೇಲೆ ಸ್ವೇಚ್ಛೆಯಾಗಿ ತಿರುಗಾಡುತ್ತಾರೆ. ಅವನೂ ಶುಲ್ಕವಿಲ್ಲದೆ, ಚೀಟಿಯಿಲ್ಲದೆ ಅಲ್ಲಿ ನಡೆದಾಡಿ ಬರಬಹುದು. ಗಾಯರಾಣವನ್ನು ಕಳೆದುಕೊಂಡ ಊರಿಗೂ ಅದನ್ನು ಹೋರಾಡಿ ಉಳಿಸಿಕೊಂಡ ಊರಿಗೂ ಇರುವ ಅಂತರವೇನೆಂಬುದು ಅವನಿಗೆ ಅಲ್ಲಿ ಯಾರೂ ಹೇಳದೆಯೇ ತಿಳಿದೀತು.