ಅಗೋಚರ ಕಾಂತಕ್ಷೇತ್ರವನ್ನು ಅಳೆಯುವ ಬಗೆ

ಮಾನವನ ಪಂಚೇಂದ್ರಿಯಗಳಿಗೆ ಗೋಚರಿಸದ ಶಕ್ತಿಗಳಲ್ಲಿ ಕಾಂತಶಕ್ತಿಯೂ ಒಂದು. ಅದರ ನಡುವೆಯೇ ನಾವು ಹುಟ್ಟಿ ಬೆಳೆಯುತ್ತೇವೆಯಾದರೂ ಅದರ ಇರವು ನಮ್ಮ ಅರಿವಿಗೆ ಬರುವುದಿಲ್ಲ. ಬೆಂಗಳೂರಿನ ಉತ್ತರದಲ್ಲಿ, ಹೆಬ್ಬಾಳ ಮತ್ತು ಯಲಹಂಕಗಳ ನಡುವೆ ಇರುವ ಕೊಡಿಗೇಹಳ್ಳಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಂದು ಇಲ್ಲಿಯ ಮನೆಮನೆಯಲ್ಲಿ ಕಾಣುವ ಮೊಬೈಲ್ ದೂರವಾಣಿಗಳಲ್ಲಿ ಬಹುತೇಕ ಎಲ್ಲದರೊಳಗೂ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಕಾಂತ ಸಂವೇದಕವಿದೆ. ನಕ್ಷೆಯಲ್ಲಿ ಉತ್ತರ ದಿಕ್ಕು ಯಾವುದೆಂದು ತಿಳಿಸುವುದು ಅದೇ. ಆದರೆ ಆ ದೂರವಾಣಿಯನ್ನು ಕೊಡಿಗೇಹಳ್ಳಿಯ ರೈಲು ನಿಲ್ದಾಣಕ್ಕೆ ಒಯ್ದು ಕಬ್ಬಿಣದ ಕಂಬದ ಪಕ್ಕದಲ್ಲಿ ಹಿಡಿದರೆ, ಅದು ತೋರುವ ಉತ್ತರವು ಪೂರ್ವಕ್ಕೋ ಪಶ್ಚಿಮಕ್ಕೋ ಸರಿದುಬಿಡಬಹುದು. ಸಂವೇದಕ ಕೆಟ್ಟಿಲ್ಲ, ಭೂಮಿಯ ದೂರದ ದನಿಯನ್ನು ಹತ್ತಿರದ ಕಬ್ಬಿಣದ ಗದ್ದಲ ಮುಚ್ಚಿಹಾಕಿದೆ.

ಕ್ಷೀಣ ಕಾಂತಕ್ಷೇತ್ರವನ್ನು ಅಳೆಯುವವರಿಗೆ ಎದುರಾಗುವ ಮೂಲಭೂತ ತೊಡಕೇ ಇದು. ಸೂಕ್ಷ್ಮವಾದ ಉಪಕರಣವನ್ನು ನಿರ್ಮಿಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಸುತ್ತಲಿನ ಗದ್ದಲದಿಂದ ಅದನ್ನು ಪಾರುಮಾಡುವುದು ಉಳಿದರ್ಧ.

ದೂರ ಸರಿಯುವ ಮಾರ್ಗ

ಕಾಂತಕ್ಷೇತ್ರದ ಅಳತೆಯ ಮಾನವು ಟೆಸ್ಲಾ. ಅದರ ನೂರು ಕೋಟಿಯಲ್ಲಿ ಒಂದು ಪಾಲು ನ್ಯಾನೊಟೆಸ್ಲಾ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರವು ಸುಮಾರು ೪೦ ಸಾವಿರ ನ್ಯಾನೊಟೆಸ್ಲಾದಷ್ಟಿದೆ. ಸೂರ್ಯನ ಪ್ರಭಾವದಿಂದ ಅದು ದಿನದಿನವೂ ಅತ್ಯಲ್ಪ ಪ್ರಮಾಣದಲ್ಲಿ ಏರಿಳಿಯುತ್ತಿರುತ್ತದೆ. ಈ ಏರಿಳಿತವನ್ನು ದಾಖಲಿಸುವ ಕಾರ್ಯವು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ೧೮೪೧ರಲ್ಲಿ ಆರಂಭವಾಯಿತು. ೧೮೫೯ರ ಸೆಪ್ಟೆಂಬರಿನಲ್ಲಿ ಸಂಭವಿಸಿದ ಮಹಾ ಸೌರ ಚಂಡಮಾರುತವು ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಕೊಲಾಬಾದಲ್ಲಿ ಕ್ಷೇತ್ರವು ಸುಮಾರು ೧೬೦೦ ನ್ಯಾನೊಟೆಸ್ಲಾದಷ್ಟು ಕುಸಿದದ್ದು ದಾಖಲಾಯಿತು. ವಿಶ್ವದ ವಿಜ್ಞಾನಿಗಳು ಇಂದಿಗೂ ಆ ದಾಖಲೆಯನ್ನು ಅಭ್ಯಸಿಸುತ್ತಾರೆ.

ಇಂಥ ವೀಕ್ಷಣಾಲಯಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒಂದು ಸಂಕಟ ಒದಗಿತು. ಮುಂಬಯಿಯಲ್ಲಿ ಕುದುರೆಗಳು ಎಳೆಯುತ್ತಿದ್ದ ಟ್ರಾಂ ಗಾಡಿಗಳಿಗೆ ವಿದ್ಯುಚ್ಛಕ್ತಿಯನ್ನು ಅಳವಡಿಸುವ ಯೋಜನೆ ಸಿದ್ಧವಾಯಿತು. ತಂತಿಗಳಲ್ಲಿ ಹರಿಯುವ ವಿದ್ಯುತ್ತು ತನ್ನ ಸುತ್ತ ಕಾಂತಕ್ಷೇತ್ರವನ್ನು ಹುಟ್ಟಿಸುವುದರಿಂದ, ಅಳತೆಗಳೆಲ್ಲ ನಿರರ್ಥಕವಾಗುವ ಭೀತಿ ಎದುರಾಯಿತು. ಆಗ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ನಾನಾಭಾಯಿ ಅರ್ದೇಶಿರ್ ಮೂಸ್ ಅವರ ಕಾಲದಲ್ಲಿ, ೧೯೦೪ರಲ್ಲಿ, ಸಮುದ್ರದಾಚೆಯ ಅಲಿಬಾಗ್ ಎಂಬ ಊರಿನಲ್ಲಿ ಹೊಸ ವೀಕ್ಷಣಾಲಯ ಕಾರ್ಯಾರಂಭ ಮಾಡಿತು. ೧೯೦೬ರವರೆಗೆ ಎರಡೂ ಕಡೆ ಏಕಕಾಲಕ್ಕೆ ಅಳತೆಮಾಡಿ ಹೋಲಿಸಿದ್ದರಿಂದ ದಾಖಲೆಯ ಸರಣಿ ಕಡಿಯಲಿಲ್ಲ. ೧೯೦೭ರಲ್ಲಿ ಮುಂಬಯಿಯಲ್ಲಿ ವಿದ್ಯುತ್ ಟ್ರಾಂ ಓಡಿತು. ಇಂದು ವಿದ್ಯುತ್ ರೈಲುಗಳು ಓಡಾಡುವ ಕೊಡಿಗೇಹಳ್ಳಿಯಂಥ ಬಡಾವಣೆಯಲ್ಲಿ ಇಂಥದೊಂದು ವೀಕ್ಷಣಾಲಯವನ್ನು ನಡೆಸುವುದು ಏಕೆ ಸಾಧ್ಯವಾಗದೆಂಬುದು ಇದರಿಂದ ವಿದಿತವಾಗುತ್ತದೆ.

ತೋಳು ಚಾಚುವ ಮಾರ್ಗ

ದೂರ ಸರಿಯಲು ಆಗದಿದ್ದರೆ ಏನು ಮಾಡಬೇಕು? ಆಕಾಶದಲ್ಲಿ ಸಂಚರಿಸುವ ನೌಕೆಯ ಒಳಗೂ ವಿದ್ಯುತ್ತು ಹರಿಯುತ್ತಿರುತ್ತದೆ. ಅದರ ಗದ್ದಲದಿಂದ ಓಡಿಹೋಗುವಂತಿಲ್ಲ. ಈ ಪ್ರಶ್ನೆಗೆ ಉತ್ತರವು ಕೊಡಿಗೇಹಳ್ಳಿಗೆ ಹತ್ತಿರದಲ್ಲಿಯೇ, ಯಶವಂತಪುರದಾಚೆಯ ಪೀಣ್ಯದಲ್ಲಿ ದೊರೆಯುತ್ತದೆ. ಭಾರತದ ಪ್ರಥಮ ಉಪಗ್ರಹ ಆರ್ಯಭಟವು ರೂಪುಗೊಂಡ ಪೀಣ್ಯ ಕೈಗಾರಿಕಾ ವಸಾಹತಿನಲ್ಲಿ ಇಸ್ರೋ ಸಂಸ್ಥೆಯ ‘ಲಿಯೋಸ್’ ಎಂಬ ಪ್ರಯೋಗಾಲಯವಿದೆ. ೨೦೨೩ರ ಸೆಪ್ಟೆಂಬರ್ ೨ರಂದು ಉಡಾವಣೆಗೊಂಡ ಆದಿತ್ಯ-ಎಲ್೧ ನೌಕೆಯ ಕಾಂತಮಾಪಕವು ಸಿದ್ಧಗೊಂಡದ್ದು ಇಲ್ಲಿಯೇ.

ಈ ಮಾಪಕವು ‘ಫ್ಲಕ್ಸ್‌ಗೇಟ್’ ಎಂಬ ಬಗೆಯದು. ಸುಲಭವಾಗಿ ಕಾಂತವಾಗುವ ಒಂದು ಮಿಶ್ರಲೋಹದ ತಿರುಳಿಗೆ ತಂತಿಯನ್ನು ಸುತ್ತಿ, ಹಿಂದೆ ಮುಂದೆ ಹರಿಯುವ ವಿದ್ಯುತ್ತನ್ನು ಹಾಯಿಸುತ್ತಾರೆ. ತಿರುಳು ಒಮ್ಮೆ ಒಂದು ದಿಕ್ಕಿಗೆ, ಮತ್ತೊಮ್ಮೆ ವಿರುದ್ಧ ದಿಕ್ಕಿಗೆ ಪೂರ್ಣವಾಗಿ ಕಾಂತವಾಗುತ್ತದೆ. ಹೊರಗಿನ ಕಾಂತಕ್ಷೇತ್ರವಿಲ್ಲದಿದ್ದರೆ ಎರಡೂ ಸಮ. ಕಿಂಚಿತ್ ಹೊರಗಿನ ಕ್ಷೇತ್ರವಿದ್ದರೂ ಒಂದು ಕಡೆಗೆ ಸ್ವಲ್ಪ ಬೇಗ, ಇನ್ನೊಂದು ಕಡೆಗೆ ಸ್ವಲ್ಪ ತಡವಾಗಿ ಆ ಸ್ಥಿತಿ ಒದಗುತ್ತದೆ. ಸಮವಾಗಿ ತೂಗುವ ತೊಟ್ಟಿಲಿಗೆ ಒಂದು ಬದಿಯಿಂದ ಗಾಳಿ ಸೋಕಿದಂತೆ! ಆ ಅಲ್ಪ ಅಸಮತೆಯನ್ನು ಎರಡನೆಯ ತಂತಿಯ ಸುರುಳಿಯೊಂದು ಗ್ರಹಿಸುತ್ತದೆ.

ಆದಿತ್ಯ ನೌಕೆಯಲ್ಲಿ ಇಂಥ ಎರಡು ಸಂವೇದಕಗಳನ್ನು ೬ ಮೀಟರ್ ಉದ್ದದ ತೋಳಿನ ಮೇಲೆ, ಒಂದನ್ನು ತುದಿಯಲ್ಲಿಯೂ ಮತ್ತೊಂದನ್ನು ೩ ಮೀಟರ್ ದೂರದಲ್ಲಿಯೂ ಇರಿಸಲಾಗಿದೆ. ಮಡಿಸಿಟ್ಟಿದ್ದ ಈ ತೋಳು ೨೦೨೪ರ ಜನವರಿ ೧೧ರಂದು, ಕೆಲವೇ ಸೆಕೆಂಡುಗಳಲ್ಲಿ ಬಿಚ್ಚಿಕೊಂಡಿತು. ನೌಕೆಯ ಸ್ವಂತ ಕಾಂತಕ್ಷೇತ್ರವು ಹತ್ತಿರದ ಸಂವೇದಕಕ್ಕೆ ಹೆಚ್ಚಾಗಿಯೂ ದೂರದ್ದಕ್ಕೆ ಕಡಿಮೆಯಾಗಿಯೂ ತಾಕುವುದರಿಂದ, ಎರಡನ್ನೂ ಹೋಲಿಸಿ ಅದನ್ನು ಲೆಕ್ಕದಿಂದ ಕಳೆಯಬಹುದು. ಭೂಮಿಯಿಂದ ೧೫ ಲಕ್ಷ ಕಿಲೋಮೀಟರ್ ದೂರದ ಆ ತಾಣದಲ್ಲಿ ಕಾಂತಕ್ಷೇತ್ರವು ಸಾಮಾನ್ಯವಾಗಿ ಕೇವಲ ೫ ನ್ಯಾನೊಟೆಸ್ಲಾದ ಆಸುಪಾಸಿನಲ್ಲಿರುತ್ತದೆ, ಎಂದರೆ ಬೆಂಗಳೂರಿನಲ್ಲಿರುವುದರ ಎಂಟು ಸಾವಿರದಲ್ಲಿ ಒಂದು ಪಾಲು.

ಇಷ್ಟು ಶ್ರಮವೇಕೆ? ಸೂರ್ಯನಿಂದ ಚಿಮ್ಮಿಬರುವ ಕಾಂತಕ್ಷೇತ್ರವು ಭೂಮಿಯ ಕ್ಷೇತ್ರಕ್ಕೆ ವಿರುದ್ಧ ದಿಕ್ಕಿನಲ್ಲಿದ್ದರೆ ನಮ್ಮ ರಕ್ಷಾಕವಚ ಸಡಿಲಗೊಂಡು ಚಂಡಮಾರುತ ಒಳನುಗ್ಗುತ್ತದೆ. ೧೯೮೯ರ ಮಾರ್ಚ್ ೧೩ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ೬೦ ಲಕ್ಷ ಜನರು ಇದರಿಂದಾಗಿ ಸುಮಾರು ೯ ಗಂಟೆಗಳ ಕಾಲ ಕತ್ತಲಲ್ಲಿ ಉಳಿದರು. ಆದಿತ್ಯ ನೌಕೆಯನ್ನು ದಾಟಿದ ಸೌರ ಮಾರುತವು ಭೂಮಿಗೆ ಬರಲು ಸಾಮಾನ್ಯವಾಗಿ ಒಂದು ಗಂಟೆ ಹಿಡಿಯುತ್ತದೆ; ತೀವ್ರ ಮಾರುತಕ್ಕೆ ಇನ್ನೂ ಕಡಿಮೆ. ವಿದ್ಯುತ್ ಜಾಲವನ್ನೂ ಉಪಗ್ರಹಗಳನ್ನೂ ರಕ್ಷಿಸಿಕೊಳ್ಳಲು ಆ ಅಲ್ಪ ಕಾಲವೇ ಅಮೂಲ್ಯ.

ಗೋಡೆ ಕಟ್ಟುವ ಮಾರ್ಗ

ಇದಕ್ಕಿಂತಲೂ ಕ್ಷೀಣವಾದ ಕಾಂತಕ್ಷೇತ್ರವು ನಮ್ಮ ಶಿರಸ್ಸಿನಲ್ಲಿಯೇ ಇದೆ. ಮೆದುಳಿನ ನರಕೋಶಗಳಲ್ಲಿ ಸಂಚರಿಸುವ ವಿದ್ಯುತ್ತು ಹುಟ್ಟಿಸುವ ಕ್ಷೇತ್ರವು ಭೂಮಿಯ ಕ್ಷೇತ್ರದ ಕೋಟಿಗಟ್ಟಲೆ ಪಾಲುಗಳಲ್ಲಿ ಒಂದು ಪಾಲು. ಅಮೆರಿಕದ ವಿಜ್ಞಾನಿ ಡೇವಿಡ್ ಕೋಹೆನ್ ಇದನ್ನು ಮೊದಲ ಬಾರಿಗೆ ೧೯೬೮ರಲ್ಲಿ ಅಳೆದರು. ಬ್ರಿಟನ್ನಿನ ಬ್ರಯಾನ್ ಜೋಸೆಫ್‌ಸನ್ ೧೯೬೨ರಲ್ಲಿ ಮಂಡಿಸಿದ ಸಿದ್ಧಾಂತದ ಆಧಾರದಿಂದ ಹುಟ್ಟಿದ ‘ಸ್ಕ್ವಿಡ್’ ಎಂಬ ಸಂವೇದಕವು ಈ ಕಾರ್ಯವನ್ನು ಸುಲಭಗೊಳಿಸಿತು. ದ್ರವ ಹೀಲಿಯಂನಲ್ಲಿ, ಸೊನ್ನೆಗಿಂತ ೨೬೯ ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಅದು ಕೆಲಸಮಾಡುತ್ತದೆ.

ನಮ್ಮ ನಗರದ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ವಿಧಾನದ ಪರೀಕ್ಷೆ ನಡೆಯುತ್ತದೆ. ‘ಎಂಇಜಿ’ ಎಂದು ಇದರ ಹೆಸರು. ನಡುನಗರದಲ್ಲಿ ಅಲಿಬಾಗಿನಂತೆ ದೂರ ಹೋಗಲಾಗದು; ತೋಳು ಚಾಚಿದರೂ ಸಾಲದು. ಆದುದರಿಂದ ನಿಕಲ್ ಮತ್ತು ಕಬ್ಬಿಣದ ವಿಶೇಷ ಮಿಶ್ರಲೋಹದ ಪದರಗಳಿಂದ ಗೋಡೆಗಳನ್ನು ರಚಿಸಿದ ಕೋಣೆಯೊಳಗೆ ರೋಗಿಯನ್ನು ಕೂಡಿಸಿ ಅಳೆಯುತ್ತಾರೆ. ಒಳಹೋಗುವ ಮುನ್ನ ಕೈಗಡಿಯಾರ, ಓಲೆ, ಬಳೆ, ಕೂದಲಿನ ಪಿನ್ನುಗಳನ್ನೆಲ್ಲ ತೆಗೆದಿರಿಸಬೇಕು. ಈ ಯಂತ್ರವು ದೇಹದೊಳಕ್ಕೆ ಯಾವ ಕಿರಣವನ್ನೂ ಕಳುಹಿಸುವುದಿಲ್ಲ. ಮೆದುಳಿನಿಂದ ಹೊರಬರುವುದನ್ನು ಆಲಿಸುತ್ತದೆ, ಅಷ್ಟೇ.

ಇದರ ಮುಖ್ಯ ಪ್ರಯೋಜನವು ಮೂರ್ಛೆರೋಗಿಗಳಿಗೆ ಲಭಿಸಿದೆ. ಮೂರ್ಛೆರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಔಷಧಿಗಳಿಂದ ರೋಗ ಹತೋಟಿಗೆ ಬರುವುದಿಲ್ಲ. ಅಂಥವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದು. ಆದರೆ ಸೆಳೆತವು ಮೆದುಳಿನ ಯಾವ ಬಿಂದುವಿನಿಂದ ಹೊರಡುತ್ತದೆ ಎಂಬುದು ಮೊದಲು ಖಚಿತವಾಗಬೇಕು. ತಲೆಬುರುಡೆಯು ವಿದ್ಯುತ್ ಸಂಕೇತಗಳನ್ನು ಮಸಕುಗೊಳಿಸುತ್ತದೆ. ಕಾಂತಕ್ಷೇತ್ರವು ಹೆಚ್ಚು ವಿಕಾರಗೊಳ್ಳದೆ ಹೊರಬರುತ್ತದೆ. ಆದುದರಿಂದಲೇ ಇತರ ಪರೀಕ್ಷೆಗಳೊಡನೆ ಈ ಪರೀಕ್ಷೆಯೂ ವೈದ್ಯರಿಗೆ ದಾರಿ ತೋರುತ್ತದೆ.

ನಮ್ಮ ಎಷ್ಟೋ ಕುಟುಂಬಗಳಲ್ಲಿ ಮೂರ್ಛೆರೋಗವನ್ನು ಇಂದಿಗೂ ಶಾಪವೆಂದೋ ಗಾಳಿ ಸೋಂಕೆಂದೋ ಭಾವಿಸಿ, ಮಗುವನ್ನು, ಅದರಲ್ಲಿಯೂ ಮದುವೆಗೆ ಬಂದ ಹೆಣ್ಣುಮಗಳನ್ನು, ಮರೆಮಾಚುವುದುಂಟು. ಕೈಯಲ್ಲಿ ಕಬ್ಬಿಣವನ್ನು ಹಿಡಿಸುವುದು, ಮೂಸಲು ಚಪ್ಪಲಿ ಕೊಡುವುದು ಇವು ಯಾವುದೂ ಚಿಕಿತ್ಸೆಯಲ್ಲ. ಸೆಳೆತದ ಮೂಲವು ಮೆದುಳಿನಲ್ಲಿದೆ, ಅದನ್ನು ಹೊರಗಿನಿಂದಲೇ ಅಳೆಯಬಹುದು ಎಂಬುದನ್ನು ಈ ಸಂವೇದಕಗಳು ಪ್ರತ್ಯಕ್ಷ ತೋರಿಸಿಕೊಟ್ಟಿವೆ. ಉಪಕರಣವು ಎಷ್ಟೇ ಸೂಕ್ಷ್ಮವಾಗಿದ್ದರೂ ರೋಗಿಯು ಅದರ ಬಳಿಗೆ ಬಂದರೆ ಮಾತ್ರ ಪ್ರಯೋಜನ. ಆದುದರಿಂದ ಓದುಗ ಬಂಧುಗಳು ತಮ್ಮ ಮನೆಯಲ್ಲಾಗಲಿ ನೆರೆಹೊರೆಯಲ್ಲಾಗಲಿ ಇಂಥವರಿದ್ದರೆ ಸಂಕೋಚಪಡದೆ, ತಡಮಾಡದೆ ನರರೋಗ ತಜ್ಞರನ್ನು ಕಾಣುವಂತೆ ಪ್ರೇರೇಪಿಸಬೇಕೆಂದು ವಿನಂತಿ.