ಕಣದ ಕಾವಲು: ಚಳಿ ಬರುವುದು ಅಡಿಯಿಂದ

ಡಿಸೆಂಬರ್-ಜನವರಿಯಲ್ಲಿ ಕಾಫಿ ಕಣ ಕಾಯುವವರು ಹಾವು, ಇರುವೆಗಳಿಗೆ ಅಂಜಿ ಮರಗಳ ನಡುವೆ ತೂಗುಹಾಸಿಗೆ ಕಟ್ಟಿ ಮಲಗಿದರೆ, ಮೇಲೆ ಎರಡು ಕಂಬಳಿ ಹೊದ್ದರೂ ಬೆನ್ನು ಕೊರೆಯುತ್ತದೆ. ಮೈಯನ್ನು ಬೆಚ್ಚಗಿಡುವುದು ಕಂಬಳಿಯೊಳಗೆ ನಿಂತ ಗಾಳಿ. ಮೈಭಾರಕ್ಕೆ ಕಂಬಳಿ ಅದುಮಿದರೆ ಆ ಗಾಳಿ ಉಳಿಯದು. ಅಡಿಯಲ್ಲಿ ಬೀಸುವ ಕುಳಿರ್ಗಾಳಿ ಇದ್ದ ಶಾಖವನ್ನೂ ಒಯ್ಯುತ್ತದೆ.

ಆದುದರಿಂದ ಒಂದು ಕಂಬಳಿಯನ್ನು ತೂಗುಹಾಸಿಗೆಯ ಹೊರಗೆ, ಅಡಿಭಾಗಕ್ಕೆ ತಾಗುವಂತೆ, ಆದರೆ ಬಿಗಿಯದೆ, ಎರಡೂ ತುದಿಗಳಲ್ಲಿ ಕಟ್ಟಿರಿ. ಗಾಳಿ ಬರುವ ಕಡೆಗೆ ಟಾರ್ಪಾಲು ಇಳಿಬಿಡಿರಿ. ಒಣ ಬಟ್ಟೆ, ಉಣ್ಣೆಯ ಟೋಪಿ, ಮಲಗುವ ಮುನ್ನ ಬಿಸಿ ಊಟ ಇರಲಿ.

ಮುಚ್ಚಿದ ಟಾರ್ಪಾಲಿನೊಳಗೆ ಕೆಂಡದ ಅಗ್ಗಿಷ್ಟಿಕೆ ಇಡಲೇಬಾರದು. ಅದರಿಂದೇಳುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮತ್ತೆ ಏಳದೆಯೇ ಹೋಗಬಹುದು.

ಬೆಳೆಗಾರ ಬಾಂಧವರೇ, ನಮ್ಮ ಕಾಫಿ ಕಾಯುವವನಿಗೆ ಇನ್ನೊಂದು ಕಂಬಳಿ ಕೊಡುವ ಹೊಣೆ ನಮ್ಮದು.