ರಕ್ತದ ತೊಟ್ಟು ಏನನ್ನು ಹೇಳೀತು?

ಹೀಗೊಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿ. ಸ್ನಾನದ ವೇಳೆಯಲ್ಲಿ ಗೃಹಿಣಿಯೊಬ್ಬಳ ಕೈಗೆ ಎದೆಯಲ್ಲಿ ಕಡಲೆಗಾತ್ರದ ಗಂಟೊಂದು ತಗಲುತ್ತದೆ. ನೋವಿಲ್ಲ, ಜ್ವರವಿಲ್ಲ. ಪತಿಗೆ ಹೇಳಲು ಸಂಕೋಚ. ವೈದ್ಯರಿಗೆ ತೋರಿಸಲು ಇನ್ನೂ ಹೆಚ್ಚಿನ ಸಂಕೋಚ. ರಕ್ತ ಕೊಟ್ಟರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ತಿಳಿದುಬಿಡುತ್ತದೆ ಎಂದು ಯಾರೋ ಹೇಳಿದ್ದು ನೆನಪಾಗುತ್ತದೆ. ಸದ್ದಿಲ್ಲದೆ ಪರೀಕ್ಷಾಲಯಕ್ಕೆ ಹೋಗಿಬರುತ್ತಾಳೆ. ಮರುದಿನ ಕೈಸೇರಿದ ಚೀಟಿಯಲ್ಲಿ ಅಂಕಿಯು ಮಿತಿಯೊಳಗೇ ಇದೆ. “ಸದ್ಯ, ದೇವರು ದೊಡ್ಡವನು” ಎಂದು ನಿಟ್ಟುಸಿರುಬಿಟ್ಟು, ಚೀಟಿಯನ್ನು ಬೀರುವಿನಲ್ಲಿಟ್ಟು, ಗಂಟನ್ನು ಮರೆಯಲು ಯತ್ನಿಸುತ್ತಾಳೆ.

ಆ ಚೀಟಿ ಸುಳ್ಳು ಹೇಳಿಲ್ಲ. ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವನ್ನೂ ಕೊಟ್ಟಿಲ್ಲ. ಏಕೆಂಬುದನ್ನು ಪ್ರತಿಯೊಂದು ಸಂಸಾರವೂ ತಿಳಿದಿರಬೇಕು.

ದೇಹದಲ್ಲಿ ಅಡಗಿದ ರೋಗವನ್ನು ಅದು ಹೊರಚೆಲ್ಲುವ ಗುರುತಿನಿಂದ ಹಿಡಿಯಬೇಕೆಂಬ ಆಸೆ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. 1840ರ ದಶಕದಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯರು, ಮೂಳೆಗಳು ಶಿಥಿಲವಾಗಿದ್ದ ರೋಗಿಯೊಬ್ಬನ ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನೊಂದನ್ನು ಕಂಡರು. ಅದು ಮಜ್ಜೆಯ ಕ್ಯಾನ್ಸರಿನ ಗುರುತಾಗಿತ್ತು. 1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಅವರು ಕರುಳಿನ ಕ್ಯಾನ್ಸರಿನಲ್ಲಿ ಸಿ.ಇ.ಎ. ಎಂಬ ವಸ್ತುವನ್ನು ಗುರುತಿಸಿದರು. 1975ರಲ್ಲಿ ಕೇಂಬ್ರಿಜಿನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಅವರು, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಪ್ರಯೋಗಶಾಲೆಯಲ್ಲಿ ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದರು. 1984ರಲ್ಲಿ ನೊಬೆಲ್ ಪಾರಿತೋಷಕವನ್ನೂ ಪಡೆದರು. ಈ ಉಪಾಯದ ಫಲವಾಗಿಯೇ ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ‘ಸಿ.ಎ. 15-3’ ಎಂಬ ರಕ್ತಪರೀಕ್ಷೆ 1980ರ ದಶಕದಲ್ಲಿ ಬಳಕೆಗೆ ಬಂದಿತು.

ಹಾಲಿನ ನಾಳಗಳ ಒಳಮೈಯ ಜೀವಕೋಶಗಳ ಮೇಲೆ ಮ್ಯೂಸಿನ್-1 ಎಂಬ, ಸಕ್ಕರೆಯ ಸರಗಳನ್ನು ತೊಟ್ಟ ಪ್ರೋಟೀನು ಇರುತ್ತದೆ. ಆರೋಗ್ಯವಂತ ಕೋಶವು ಅದನ್ನು ನಾಳದ ಪೊಳ್ಳಿನ ಕಡೆಗೆ ಮಾತ್ರ ಚಾಚಿರುತ್ತದೆ. ಬಚ್ಚಲ ನೀರು ಮೋರಿಯ ಕಡೆಗೇ ಹರಿಯುವಂತೆ. ಕ್ಯಾನ್ಸರ್ ತಗಲಿದ ಕೋಶಕ್ಕೆ ದಿಕ್ಕಿನ ಈ ಶಿಸ್ತು ತಪ್ಪುತ್ತದೆ. ಪ್ರೋಟೀನು ಎಲ್ಲ ಕಡೆಗೂ ಹರಡಿ, ಅದರ ತುಣುಕುಗಳು ಕಳಚಿ ರಕ್ತವನ್ನು ಸೇರುತ್ತವೆ. ಪರೀಕ್ಷೆಯಲ್ಲಿ ಒಂದು ಪ್ರತಿಕಾಯವು ಆ ತುಣುಕನ್ನು ಹಿಡಿದು ನಿಲ್ಲಿಸಿದರೆ, ಇನ್ನೊಂದು ಅದಕ್ಕೆ ಅಂಟಿಕೊಂಡು ಲೆಕ್ಕ ಒಪ್ಪಿಸುತ್ತದೆ. ಮಿಲಿಲೀಟರಿಗೆ ಸುಮಾರು 30 ಯೂನಿಟ್ಟುಗಳವರೆಗೆ ಸಹಜವೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಗಂಟು ಚಿಕ್ಕದಿರುವಾಗ ರಕ್ತಕ್ಕೆ ಸೇರುವ ತುಣುಕುಗಳೂ ಅತ್ಯಲ್ಪ. ಆದಕಾರಣ, ಗುಣಪಡಿಸಲು ಅತ್ಯಂತ ಅನುಕೂಲವಾದ ಆರಂಭದ ಹಂತದಲ್ಲಿಯೇ ಬಹುಪಾಲು ಸ್ತ್ರೀಯರಲ್ಲಿ ಈ ಅಂಕಿ ಸಹಜವಾಗಿರುತ್ತದೆ. ಮತ್ತೊಂದೆಡೆ, ಯಕೃತ್ತಿನ ಬಾವು, ಸ್ತನದ ನಿರಪಾಯಕರ ಗಂಟು ಮುಂತಾದ ಕಾರಣಗಳಿಂದಲೂ ಅದು ಏರಬಹುದು. ಸಹಜ ಅಂಕಿ ಅಭಯವಲ್ಲ; ಏರಿದ ಅಂಕಿ ಮರಣಶಾಸನವೂ ಅಲ್ಲ. ರೋಗವನ್ನು ಮೊದಲಿಗೇ ಪತ್ತೆಮಾಡಲು ಈ ಪರೀಕ್ಷೆಯನ್ನು ತಜ್ಞರು ಶಿಫಾರಸು ಮಾಡದಿರುವುದು ಇದರಿಂದಲೇ.

ಹಾಗಾದರೆ ಅದು ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ರೋಗವು ಮೂಳೆಗೋ ಯಕೃತ್ತಿಗೋ ಹರಡಿದ ಮೇಲೆ, ಔಷಧಿ ಫಲಿಸುತ್ತಿದೆಯೇ ಎಂಬುದನ್ನು ಗಮನಿಸಲು ಅದು ಒಳ್ಳೆಯ ಸಹಾಯಕ. ಅಲ್ಲಿಯೂ ಒಂದೇ ಅಂಕಿಯನ್ನು ನಂಬುವಂತಿಲ್ಲ. ಒಂದೇ ವಿಧಾನದಿಂದ ಪಡೆದ ಹಲವು ಅಂಕಿಗಳ ಏರಿಳಿತವನ್ನು ನೋಡಬೇಕು. ಹೊಸ ಚಿಕಿತ್ಸೆಯ ಮೊದಲ 4-6 ವಾರಗಳಲ್ಲಿ, ಔಷಧಿ ಫಲಿಸುತ್ತಿರುವಾಗಲೂ ಅಂಕಿ ತಾತ್ಕಾಲಿಕವಾಗಿ ಏರುವುದುಂಟು. ಸ್ಕ್ಯಾನು ಮತ್ತು ವೈದ್ಯರ ತಪಾಸಣೆಗಳ ಜೊತೆಯಲ್ಲಿಯೇ ಅದಕ್ಕೆ ಬೆಲೆ.

ಚಿಕಿತ್ಸೆಯ ದಾರಿಯನ್ನು ನಿರ್ಧರಿಸುವ ಇನ್ನೊಂದು ಪ್ರೋಟೀನು ‘ಹರ್-2’. ಅದನ್ನು ಮುಖ್ಯವಾಗಿ ನೋಡುವುದು ರಕ್ತದಲ್ಲಲ್ಲ, ಗಂಟಿನಿಂದ ತೆಗೆದ ತುಣುಕಿನಲ್ಲಿ. ಅದು ವಿಪರೀತವಾಗಿರುವ ರೋಗಿಗಳಿಗೆಂದೇ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಅದೇ 1998ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ಸರಳವಾದ ಪ್ರಯೋಗವೊಂದನ್ನು ಆರಂಭಿಸಿದರು. ಅದರಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಸ್ತ್ರೀಯರು ಸೇರಿದ್ದರು. ಒಂದು ಗುಂಪಿನ ಸ್ತ್ರೀಯರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ ಗುಂಪಿನಲ್ಲಿ ರೋಗವು ಮೊದಲ ಹಂತಗಳಲ್ಲಿಯೇ ಹೆಚ್ಚಾಗಿ ಪತ್ತೆಯಾಗಿತ್ತು. ಸಾವಿನ ಇಳಿಕೆಯು ಐವತ್ತಕ್ಕಿಂತ ಕಿರಿಯರಲ್ಲಿ ಕಂಡುಬರಲಿಲ್ಲ. ಐವತ್ತು ದಾಟಿದವರಲ್ಲಿ ಮಾತ್ರ ಸುಮಾರು ಶೇಕಡಾ 30ರಷ್ಟಿತ್ತು. ಪಳಗಿದ ಬೆರಳುಗಳ ಸಾಧನೆ ಇದು!

ಆ ಗೃಹಿಣಿಯ ಬಳಿಗೆ ಮರಳೋಣ. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ನಿರ್ಣಯಿಸಬೇಕಾದದ್ದು ವೈದ್ಯರ ತಪಾಸಣೆ, ಮ್ಯಾಮೊಗ್ರಾಂ ಇಲ್ಲವೇ ಅಲ್ಟ್ರಾಸೌಂಡ್, ಮತ್ತು ಸೂಜಿಯಿಂದ ತೆಗೆದ ತುಣುಕಿನ ಪರೀಕ್ಷೆ. ಚೀಟಿಯು ಬೀರುವಿನಲ್ಲಿಯೇ ಇರಲಿ. ಆಕೆ ಮಾತ್ರ ನಾಳೆಗೆಂದು ಮುಂದೂಡದೆ ಹೊರಡಲಿ; ಜೊತೆಗೆ ಪತಿಯೋ, ಅಕ್ಕನೋ, ಬೆಳೆದ ಮಗಳೋ ನಡೆಯಲಿ. ಸಂಕೋಚಕ್ಕೆ ತೆರಬೇಕಾದ ಬೆಲೆ ಬಹಳ ದೊಡ್ಡದು.